ಅನುದಾನ ಮುಗಿದ ಮೇಲೂ ಉಳಿಯುವ ಕೆಲಸ: ಸೇವಾ ಸಂಸ್ಥೆ ನಡೆಸುವವರಿಗೆ

ಅಥಣಿ, ಹುನಗುಂದ, ಇಂಡಿ, ಯಾವ ತಾಲೂಕೇ ಆಗಲಿ, ಸೇವಾ ಸಂಸ್ಥೆಯೊಂದು ಊರಿಗೆ ತರುವ ಯೋಜನೆಯ ಆಯುಷ್ಯ ಸಾಮಾನ್ಯವಾಗಿ ಮೂರು ವರ್ಷ. ಮೊದಲ ವರ್ಷ ಊರಿನ ಪರಿಚಯಕ್ಕೆ ಹೋಗುತ್ತದೆ, ಎರಡನೆಯದು ಕೆಲಸಕ್ಕೆ, ಮೂರನೆಯದು ವರದಿಗೆ. ನಾಲ್ಕನೆಯ ವರ್ಷ ಹೋಗಿ ನೋಡಿದರೆ ಹೊಲಿಗೆ ಯಂತ್ರಗಳು ಸಮುದಾಯ ಭವನದ ಕೋಣೆಯಲ್ಲಿ ಬೀಗದೊಳಗಿರುತ್ತವೆ, ಕೀಲಿ ಯಾರ ಹತ್ತಿರ ಇದೆ ಎಂಬುದು ಯಾರಿಗೂ ಖಚಿತವಿಲ್ಲ. ಕಲಿಸಿದ ಅಕ್ಕೋರು ಬೇರೆ ಸಂಸ್ಥೆ ಸೇರಿರುತ್ತಾರೆ. ಹಣ ತಿಂದವರು ಯಾರೂ ಇಲ್ಲ, ದುಡಿಯದವರೂ ಇಲ್ಲ. ಆದರೂ ಕೆಲಸ ಉಳಿಯಲಿಲ್ಲ.

ಬಹುಪಾಲು ಇದಕ್ಕೆ ಕಾರಣ ಒಂದೇ. ಇಡೀ ಕೆಲಸ ಒಬ್ಬ ವ್ಯಕ್ತಿಯ ಓಡಾಟದ ಮೇಲೆ, ಒಬ್ಬ ದಾನಿಯ ಹಣದ ಮೇಲೆ ನಿಂತಿರುತ್ತದೆ. ಆ ಎರಡರಲ್ಲಿ ಒಂದು ಸರಿದರೆ ಉಳಿದದ್ದೂ ಕುಸಿಯುತ್ತದೆ. ಹೊಸ ಹಳ್ಳಿ ತಲುಪುವ ಯೋಚನೆಗಿಂತ ಮೊದಲು ಸಂಸ್ಥೆಯ ಮುಖ್ಯಸ್ಥರು ಮಾಡಬೇಕಾದ್ದು ಇದು: ತೀರ್ಮಾನ, ಹಣ, ತಿಳಿವಳಿಕೆ ಈ ಮೂರೂ ತಮ್ಮೊಬ್ಬರಲ್ಲೇ ಉಳಿಯದೆ ಇತರರ ಕೈಗೆ ಹೋಗಿ ಅಲ್ಲಿ ನೆಲೆಗೊಳ್ಳುವಂತೆ ನೋಡಿಕೊಳ್ಳುವುದು.

ಈ ಸೀಮೆಗೆ ಇದು ಹೊಸ ಪಾಠವಲ್ಲ. ಸವದತ್ತಿ ಕಡೆಯ ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ಅಷ್ಟರೊಳಗೆ ತಮ್ಮ ಆಸ್ತಿ ವಿದ್ಯಾರ್ಥಿಗಳ ಓದಿಗೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟಿದ್ದರು, ಅದರ ಟ್ರಸ್ಟ್ ಅವರ ನಂತರವೂ ವಿದ್ಯಾರ್ಥಿವೇತನ ಕೊಡುತ್ತ ಬಂತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆಗೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೆ ಅಡಿಪಾಯ ಹಾಕಿದರು. ಶಿಕ್ಷಣದ ಕೆಲಸಕ್ಕೂ ಸಾಲ-ಉಳಿತಾಯದ ಕೆಲಸಕ್ಕೂ ಬೇರೆ ಬೇರೆ ಮನೆ ಕಟ್ಟಿದ್ದು ಗಮನಿಸಬೇಕಾದ ಮಾತು. 1916ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಆರಂಭಿಸಿದವರು ಏಳು ಜನ ಶಿಕ್ಷಕರು. ಏಳೂ ಮಂದಿ ಹೋದರು, ಸಂಸ್ಥೆ ಇದೆ.

ಏನು ಬದಲಾಗಬೇಕು ಎಂಬ ಪ್ರಶ್ನೆ

"ಗ್ರಾಮೀಣ ಮಹಿಳೆಯರ ಸಬಲೀಕರಣ" ಎಂದು ಬರೆದ ಉದ್ದೇಶದಿಂದ ಯಾವ ಕೆಲಸವನ್ನೂ ನಡೆಸಲು ಆಗುವುದಿಲ್ಲ. ಯಾರ ಬದುಕಿನಲ್ಲಿ, ಎಲ್ಲಿ, ಯಾವ ಬದಲಾವಣೆ, ಎಷ್ಟು ವರ್ಷದೊಳಗೆ ಎಂಬ ನಾಲ್ಕಕ್ಕೂ ಒಂದೇ ವಾಕ್ಯದಲ್ಲಿ ಉತ್ತರ ಇರಬೇಕು.

ಗುಳೆ ಹೋಗುವ ಮಕ್ಕಳ ಓದನ್ನೇ ತೆಗೆದುಕೊಳ್ಳೋಣ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ದಸರೆ-ದೀಪಾವಳಿಯ ಹೊತ್ತಿಗೆ ಕಬ್ಬು ನುರಿಸಲು ಶುರುಮಾಡುತ್ತವೆ, ಹಂಗಾಮು ಮಾರ್ಚ್‌ವರೆಗೂ ನಡೆಯುತ್ತದೆ. ಶಾಲೆಯ ಎರಡನೇ ಅವಧಿಯೂ ಸರಿಯಾಗಿ ಅದೇ ಕಾಲ. ಕಟಾವಿಗೆ ಹೋಗುವ ಕುಟುಂಬದ ಮಗು ಜೂನ್‌ನಲ್ಲಿ ಹಾಜರಿ ಪುಸ್ತಕದಲ್ಲಿದ್ದು ನವೆಂಬರ್‌ನಲ್ಲಿ ಕಾಣೆಯಾಗುತ್ತದೆ. ಸಂಸ್ಥೆಯೊಂದು ಈ ಮಕ್ಕಳಿಗೆ ಊರಲ್ಲೇ ಹಂಗಾಮಿನ ವಸತಿ ಕೇಂದ್ರ ತೆರೆಯುತ್ತದೆ ಎನ್ನಿ. ಲೆಕ್ಕ ಸರಳವಾಗಿ ಕಾಣುತ್ತದೆ: ಕೇಂದ್ರ ಇದ್ದರೆ ಮಗು ಊರಲ್ಲಿ ಉಳಿಯುತ್ತದೆ, ಉಳಿದರೆ ಶಾಲೆಗೆ ಹೋಗುತ್ತದೆ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ನೋಡಿ. ಕಟಾವಿಗೆ ಆಳು ಒಯ್ಯುವ ಗುತ್ತಿಗೆದಾರ, ಅಂದರೆ ಮುಕಾದಮ, ಮುಂಗಡ ಕೊಡುವುದು ಗಂಡ-ಹೆಂಡತಿಯ ಜೋಡಿಯ ಲೆಕ್ಕದಲ್ಲಿ. ಇಬ್ಬರೂ ನಸುಕಿನಿಂದ ಗದ್ದೆಯಲ್ಲಿದ್ದರೆ ಜೋಪಡಿಯಲ್ಲಿ ಎರಡು ವರ್ಷದ ಕೂಸನ್ನು ನೋಡಿಕೊಳ್ಳುವವರು ಯಾರು? ಹನ್ನೆರಡು ವರ್ಷದ ಅಕ್ಕ. ನೀರು ತರುವವಳೂ ಒಲೆ ಹಚ್ಚುವವಳೂ ಅವಳೇ. ಹೀಗಾಗಿ ವಸತಿ ಕೇಂದ್ರಕ್ಕೆ ಗಂಡು ಮಕ್ಕಳು ಬರುತ್ತಾರೆ, ಅವಳು ಬರುವುದಿಲ್ಲ. ಅವಳನ್ನು ಶಾಲೆಯಲ್ಲಿ ಉಳಿಸಬೇಕಾದರೆ ಕೂಸಿಗೆ ಒಂದು ವ್ಯವಸ್ಥೆ ಬೇಕು: ಕಟಾವಿನ ಅಡ್ಡೆಯ ಹತ್ತಿರ ಶಿಶುಪಾಲನೆ, ಇಲ್ಲವೇ ಊರಲ್ಲಿ ಉಳಿಯುವ ಅಜ್ಜಿಗೆ ನೆರವು. ಓದಿನ ಯೋಜನೆಯೊಳಗೆ ಕೂಸಿನ ಖರ್ಚು ಸೇರಿಸಲು ದಾನಿ ಒಪ್ಪದಿದ್ದರೆ, ಹೆಣ್ಣುಮಕ್ಕಳ ಮಟ್ಟಿಗೆ ಈ ಯೋಜನೆ ಸೋಲುತ್ತದೆ ಎಂದು ಮೊದಲ ದಿನವೇ ಹೇಳಬೇಕು. ಅದನ್ನು ಹೇಳುವ ಧೈರ್ಯವೂ ನಾಯಕತ್ವದ ಭಾಗ.

ಪ್ರತಿ ಯೋಜನೆಯಲ್ಲೂ ಇಂಥ ಒಂದೆರಡು ನಂಬಿಕೆಗಳು ಬರೆಯದೆ ಅಡಗಿರುತ್ತವೆ. ಅವನ್ನು ಹೊರಗೆಳೆಯಲು ಸುಲಭ ದಾರಿ, "ಹೀಗೆ ಮಾಡಿದರೆ ಹೀಗಾಗುತ್ತದೆ" ಎಂಬ ಪ್ರತಿ ಹೆಜ್ಜೆಯ ಪಕ್ಕದಲ್ಲಿ "ಯಾವಾಗ ಆಗುವುದಿಲ್ಲ?" ಎಂದು ಬರೆದು ಊರವರ ಮುಂದೆ ಓದುವುದು. ಆ ಸಭೆ ಎಲ್ಲಿ, ಯಾವಾಗ ನಡೆಯುತ್ತದೆ ಎಂಬುದರ ಮೇಲೆ ಉತ್ತರ ಅವಲಂಬಿಸಿದೆ. ಗೌಡರ ಪಡಸಾಲೆಯಲ್ಲೋ ಗುಡಿಯ ಕಟ್ಟೆಯಲ್ಲೋ ಕರೆದರೆ ದಲಿತ ಕೇರಿಯ ಹೆಂಗಸರು ಬರುವುದಿಲ್ಲ, ಬಂದರೂ ಬಾಯಿ ಬಿಡುವುದಿಲ್ಲ. ಅವರ ಕೇರಿಯಲ್ಲೇ, ಊಟದ ಕೆಲಸ ಮುಗಿದ ರಾತ್ರಿಯಲ್ಲೋ, ಎತ್ತು ಹೂಡದ ಸೋಮವಾರವೋ ಅಮಾವಾಸ್ಯೆಯೋ ಕೂರಬೇಕು. ಚಿಕ್ಕೋಡಿ, ನಿಪ್ಪಾಣಿ, ಖಾನಾಪುರದ ಕಡೆ ಮರಾಠಿ ಬಲ್ಲ, ವಿಜಯಪುರ ನಗರದ ಹಳೆಯ ಓಣಿಗಳಲ್ಲಿ ಉರ್ದು ಬಲ್ಲ ಕಾರ್ಯಕರ್ತೆ ಇಲ್ಲದೆ ಹೋದರೆ ಅರ್ಧ ಮಾತು ಕಿವಿಗೆ ಬೀಳುವುದೇ ಇಲ್ಲ.

ಇನ್ನು ಅಳತೆ. "120 ಮಕ್ಕಳಿಗೆ ಬ್ಯಾಗ್ ಕೊಟ್ಟೆವು" ಎಂಬುದು ಸಂಸ್ಥೆ ಮಾಡಿದ ಕೆಲಸದ ಲೆಕ್ಕ. ಆ 120ರಲ್ಲಿ ಎಷ್ಟು ಮಕ್ಕಳು ಮಾರ್ಚ್ ಪರೀಕ್ಷೆಗೆ ಕೂತರು, ಎಷ್ಟು ಮಕ್ಕಳು ಜೂನ್‌ನಲ್ಲಿ ಮುಂದಿನ ತರಗತಿಗೆ ಬಂದರು ಎಂಬುದು ಬದಲಾವಣೆಯ ಲೆಕ್ಕ. ಎರಡನ್ನೂ ಇಡಬೇಕು, ಆದರೆ ಒಂದು ಯೋಜನೆಗೆ ನಾಲ್ಕೈದು ಅಳತೆಗಿಂತ ಹೆಚ್ಚು ಬೇಡ. ಮೂವತ್ತು ಕಾಲಮ್ಮಿನ ನಮೂನೆ ಕೊಟ್ಟರೆ ಕಾರ್ಯಕರ್ತೆ ಅದನ್ನು ತಿಂಗಳ ಕೊನೆಗೆ ಕಚೇರಿಯಲ್ಲಿ ಕೂತು ತುಂಬುತ್ತಾಳೆ. ಅದು ಅವಳ ಸೋಮಾರಿತನವಲ್ಲ, ನಮೂನೆಯ ದೋಷ. ಆರಂಭದ ಪಟ್ಟಿಯನ್ನು ಸೆಪ್ಟೆಂಬರ್‌ನಲ್ಲೇ, ಕುಟುಂಬಗಳು ಹೊರಡುವ ಮೊದಲೇ ಮನೆವಾರು ಮಾಡಿಕೊಳ್ಳಬೇಕು. ಡಿಸೆಂಬರ್‌ನಲ್ಲಿ ಮಾಡಿದರೆ ಹೋದವರು ಪಟ್ಟಿಯಲ್ಲೇ ಇರುವುದಿಲ್ಲ, ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಪ್ರತಿ ತಿಂಗಳು 200 ಮನೆಗಳಲ್ಲಿ ಹತ್ತನ್ನು ಚೀಟಿ ಎತ್ತಿ ಆರಿಸಿ, ಬೇರೆ ಕಾರ್ಯಕರ್ತರನ್ನು ಕಳಿಸಿ ಅವೇ ಪ್ರಶ್ನೆ ಕೇಳಿಸಿ. ಎರಡು ಉತ್ತರಗಳು ಪದೇ ಪದೇ ಬೇರೆಯಾದರೆ ಮೊದಲು ಪ್ರಶ್ನೆಯನ್ನು ನೋಡಿ, ಆಮೇಲೆ ಕಾರ್ಯಕರ್ತರನ್ನು.

ಇನ್ನೊಂದು ಎಚ್ಚರ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರೂರು ಮುಳುಗಿದಾಗ ಎಲ್ಲ ಸಂಸ್ಥೆಗಳೂ ಪರಿಹಾರಕ್ಕೆ ಧಾವಿಸಿದವು, ಧಾವಿಸಲೇಬೇಕಿತ್ತು. ಇಂಥ ಹೊತ್ತಿನಲ್ಲಿ ಸಂಸ್ಥೆ ದಾರಿ ತಪ್ಪದಿರಲು ಮೊದಲೇ ಒಂದು ಠರಾವು ಬೇಕು: ತುರ್ತು ಪರಿಹಾರಕ್ಕೆ ಇಂತಿಷ್ಟು ತಿಂಗಳು, ಇಂತಿಷ್ಟು ಜನ, ಬೇರೆಯದೇ ಖಾತೆ, ಅವಧಿ ಮುಗಿದ ಮೇಲೆ ಮುಂದುವರಿಸಬೇಕೋ ಬೇಡವೋ ಮಂಡಳಿ ಮತ್ತೆ ತೀರ್ಮಾನಿಸಬೇಕು.

ಮಂಡಳಿ

ಸೇವಾ ಸಂಸ್ಥೆಗೆ ಕಾನೂನು ಮೂರು ರೂಪ ಕೊಡುತ್ತದೆ. ಟ್ರಸ್ಟ್ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಸ್ಥಾಪಕರ ಹಿಡಿತ ಗಟ್ಟಿ, ಬದಲಾವಣೆ ಕಷ್ಟ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗಿನ ಸಂಘಕ್ಕೆ ಕನಿಷ್ಠ ಏಳು ಸದಸ್ಯರು ಬೇಕು, ವಾರ್ಷಿಕ ಮಹಾಸಭೆ ಕಡ್ಡಾಯ, ಅದಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್‌ನ ಕಂಪನಿಗೆ ಕಾಗದಪತ್ರ ಹೆಚ್ಚು, ಖರ್ಚೂ ಹೆಚ್ಚು, ಆದರೆ ದೊಡ್ಡ ದಾನಿಗಳಿಗೆ ಪರಿಶೀಲನೆ ಸುಲಭ. ಜನರೇ ಸದಸ್ಯರಾಗಿ ಮುಂದೆ ನಡೆಸಿಕೊಂಡು ಹೋಗಬೇಕಾದ ಕೆಲಸಕ್ಕೆ ಸಂಘದ ರೂಪವೇ ಸರಿ ಎಂಬುದು ನನ್ನ ಅಭಿಪ್ರಾಯ.

ರೂಪ ಯಾವುದೇ ಇರಲಿ, ರೋಗ ಒಂದೇ. ಏಳು ಹೆಸರು ಬೇಕೆಂದು ಹೆಂಡತಿ, ತಮ್ಮ, ಭಾವಮೈದುನ, ಗೆಳೆಯ ಎಲ್ಲರನ್ನೂ ಸೇರಿಸಲಾಗುತ್ತದೆ. ಸಭೆ ನಡೆಯುವುದಿಲ್ಲ, ಠರಾವು ಪುಸ್ತಕ ಮಾತ್ರ ಮನೆಯಿಂದ ಮನೆಗೆ ಸಹಿಗೆ ಹೋಗುತ್ತದೆ. ಎಲ್ಲ ಸರಿಯಿರುವ ತನಕ ಇದರಿಂದ ಏನೂ ತೊಂದರೆ ಕಾಣುವುದಿಲ್ಲ. ಕಾರ್ಯದರ್ಶಿ ಹಾಸಿಗೆ ಹಿಡಿದ ದಿನ ಬ್ಯಾಂಕಿನವರು ಹೊಸ ಸಹಿಗೆ ಮಂಡಳಿಯ ಠರಾವು ಮತ್ತು ರಿಜಿಸ್ಟ್ರಾರ್ ಕಚೇರಿಯ ಇತ್ತೀಚಿನ ಪಟ್ಟಿ ಕೇಳುತ್ತಾರೆ. ಪಟ್ಟಿ ಸಲ್ಲಿಸಿ ಎಷ್ಟೋ ವರ್ಷ ಆಗಿರುತ್ತದೆ. ಖಾತೆಯಲ್ಲಿ ಹಣ ಇರುತ್ತದೆ, ಸಂಬಳ ಕೊಡಲು ಆಗುವುದಿಲ್ಲ.

ಕೆಲಸ ಮಾಡುವ ಮಂಡಳಿಗೆ ಏಳರಿಂದ ಹನ್ನೊಂದು ಜನ ಸಾಕು. ಲೆಕ್ಕ ಓದಬಲ್ಲವರು ಒಬ್ಬರು, ಕಾನೂನು ಬಲ್ಲವರು ಒಬ್ಬರು, ಆ ಕ್ಷೇತ್ರದಲ್ಲಿ ನುರಿತವರು ಇಬ್ಬರು, ಸಂಸ್ಥೆ ಯಾರಿಗಾಗಿ ಇದೆಯೋ ಆ ಜನರಿಂದ ಕನಿಷ್ಠ ಇಬ್ಬರು. ಈ ಕೊನೆಯ ಇಬ್ಬರನ್ನು ಫೋಟೋಕ್ಕಾಗಿ ಕೂರಿಸಬಾರದು. ಸಭೆಯ ಕಾಗದಗಳು ಕನ್ನಡದಲ್ಲಿರಬೇಕು, ಓದಲು ಬಾರದಿದ್ದರೆ ಹಿಂದಿನ ದಿನವೇ ಯಾರಾದರೂ ಕೂತು ವಿವರಿಸಿರಬೇಕು, ದಿನಗೂಲಿ ಮತ್ತು ಬಸ್ ಚಾರ್ಜು ಕೊಡಬೇಕು. ಒಬ್ಬರ ಅವಧಿ ಮೂರು ವರ್ಷ, ಸತತ ಎರಡು ಅವಧಿಗೆ ಮಿತಿ. ಪ್ರತಿ ವರ್ಷ ಮೂರನೇ ಒಂದು ಭಾಗ ನಿವೃತ್ತಿಯಾಗುವಂತೆ ಬೈಲಾದಲ್ಲೇ ಬರೆದರೆ ಎಲ್ಲರೂ ಒಟ್ಟಿಗೆ ಹೋಗುವ ಭಯ ಇಲ್ಲ, ಯಾರೂ ಶಾಶ್ವತವಾಗಿ ಕೂರುವ ಭಯವೂ ಇಲ್ಲ.

ವರ್ಷಕ್ಕೆ ನಾಲ್ಕು ಸಭೆ, ವಿಷಯಪಟ್ಟಿ ಏಳು ದಿನ ಮುಂಚೆ. ಮೊದಲ ಅರ್ಧ ಗಂಟೆ ಬರೀ ಹಣದ ಮಾತು: ಯಾವ ಬ್ಯಾಂಕಿನಲ್ಲಿ ಎಷ್ಟಿದೆ, ಅದರಲ್ಲಿ ಯಾವ ದಾನಿಯ ನಿರ್ದಿಷ್ಟ ಹಣ ಎಷ್ಟು, ಮುಂದಿನ ಮೂರು ತಿಂಗಳಲ್ಲಿ ಯಾವ ಕಾನೂನು ಗಡುವು ಬರುತ್ತದೆ. ಆಮೇಲೆ ಒಂದೇ ಒಂದು ಯೋಜನೆಯನ್ನು ಆಳವಾಗಿ ನೋಡುವುದು. ಮುಖ್ಯಸ್ಥರು ಪ್ರತಿ ಸಭೆಯಲ್ಲಿ ಸರಿಹೋಗದ ಒಂದು ಸಂಗತಿಯನ್ನು ತಾವಾಗಿಯೇ ಮುಂದಿಡುವ ಪದ್ಧತಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕೆಟ್ಟ ಸುದ್ದಿ ಮಂಡಳಿಗೆ ತಲುಪುವ ಹೊತ್ತಿಗೆ ತಿದ್ದುವ ಕಾಲ ಮೀರಿರುತ್ತದೆ. ಉದ್ದೇಶ, ಬಜೆಟ್, ನಿಯಮಗಳು, ಮುಖ್ಯಸ್ಥರ ನೇಮಕ ಮತ್ತು ಮೌಲ್ಯಮಾಪನ ಮಂಡಳಿಯದು. ಯಾವ ಹಳ್ಳಿಗೆ ಯಾರು ಹೋಗಬೇಕು ಎಂಬುದು ಮಂಡಳಿಯದಲ್ಲ. ಅಧ್ಯಕ್ಷರು ನೇರವಾಗಿ ಕಾರ್ಯಕರ್ತೆಗೆ ಫೋನ್ ಮಾಡಿ ಆದೇಶ ಕೊಡತೊಡಗಿದರೆ ಮುಖ್ಯಸ್ಥರ ಕುರ್ಚಿಗೆ ಬೆಲೆ ಉಳಿಯುವುದಿಲ್ಲ.

ಕಾರ್ಯದರ್ಶಿಯ ಅಣ್ಣನ ಜೀಪನ್ನು ಬಾಡಿಗೆಗೆ ಹಿಡಿಯಬಹುದೇ? ಬೇರೆ ಕಡೆಯ ದರಪಟ್ಟಿಯೊಂದಿಗೆ ಹೋಲಿಸಿ, ಸಂಬಂಧವನ್ನು ಬಾಯಿಬಿಟ್ಟು ಹೇಳಿ, ಆ ಚರ್ಚೆಯಿಂದ ಕಾರ್ಯದರ್ಶಿ ಹೊರಗಿದ್ದು, ಠರಾವಿನಲ್ಲಿ ಇಷ್ಟೂ ದಾಖಲಾದರೆ ಮಾತ್ರ. ಸ್ಥಾಪಕರಿಗೋ ಅವರ ಸಂಬಂಧಿಕರಿಗೋ ಸಂಸ್ಥೆಯಿಂದ ಅನುಚಿತ ಲಾಭವಾದರೆ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ.

ಹಣದ ಲೆಕ್ಕ

ಹೆಚ್ಚಿನ ಸಂಸ್ಥೆಗಳು ಬಡವಾಗುವುದು ಹಣ ಸಿಗದೆ ಅಲ್ಲ, ತಮ್ಮ ಕೆಲಸದ ಪೂರ್ಣ ವೆಚ್ಚ ಲೆಕ್ಕ ಹಾಕದೆ. ಒಂದು ಸಂಸ್ಥೆ ಮೂರು ಯೋಜನೆ ನಡೆಸುತ್ತಿದೆ, ಮೂರರ ನೇರ ಖರ್ಚು ವರ್ಷಕ್ಕೆ 60 ಲಕ್ಷ ಎನ್ನಿ. ಮುಖ್ಯಸ್ಥರ ಸಂಬಳ, ಲೆಕ್ಕಿಗರು, ಕಚೇರಿ ಬಾಡಿಗೆ, ಲೆಕ್ಕಪರಿಶೋಧನೆ, ವಿದ್ಯುತ್, ಇಂಟರ್‌ನೆಟ್, ತರಬೇತಿ ಎಲ್ಲ ಸೇರಿ ಮೂರಕ್ಕೂ ಸಾಮಾನ್ಯವಾದ ಖರ್ಚು 15 ಲಕ್ಷ. ಒಟ್ಟು 75 ಲಕ್ಷ. ಇದರಲ್ಲಿ 24 ಲಕ್ಷದ ಯೋಜನೆಯ ದಾನಿ "ಆಡಳಿತ ವೆಚ್ಚ ಶೇ. 7 ಮಾತ್ರ" ಎಂದರೆ ಬರುವುದು 1.68 ಲಕ್ಷ. ನೇರ ಖರ್ಚು 60ರಲ್ಲಿ 24 ಆದ್ದರಿಂದ ಸಾಮಾನ್ಯ ಖರ್ಚಿನಲ್ಲಿ ಆ ಯೋಜನೆ ಹೊರಬೇಕಾದ ಪಾಲು 6 ಲಕ್ಷ. ಅಂದರೆ ಯೋಜನೆ ಸಿಕ್ಕ ಸಂತೋಷದ ಜೊತೆಗೇ 4.32 ಲಕ್ಷದ ಕೊರತೆಯೂ ಮನೆಗೆ ಬಂತು. ಇಂಥ ಯೋಜನೆ ಹೆಚ್ಚಿದಷ್ಟೂ ಸಂಸ್ಥೆ ಮುಳುಗುತ್ತದೆ.

ಕೊರತೆಯನ್ನು ಎಲ್ಲಿಂದ ತುಂಬುತ್ತಾರೆ? ಮುಂದಿನ ಯೋಜನೆಯ ಮೊದಲ ಕಂತಿನಿಂದ. ಆ ಹಣ ಬೇರೆ ಕೆಲಸಕ್ಕೆಂದೇ ಬಂದದ್ದು. ವರ್ಷದ ಕೊನೆಗೆ ಬಳಕೆ ಪ್ರಮಾಣಪತ್ರ ಕೊಡುವಾಗ ಸುಳ್ಳು ಬರೆಯಬೇಕಾಗುತ್ತದೆ. ಪ್ರಾಮಾಣಿಕರೇ ಹೀಗೆ ಸಿಕ್ಕಿಬೀಳುವುದು ಹೆಚ್ಚು, ಏಕೆಂದರೆ ಅವರು ಕೆಲಸ ನಿಲ್ಲಬಾರದೆಂದು ಹಾಗೆ ಮಾಡಿರುತ್ತಾರೆ. ಪ್ರತಿ ದಾನಿಗೂ ಪ್ರತ್ಯೇಕ ಖಾತೆ ಪುಟ, ಪ್ರತಿ ಪ್ರಸ್ತಾವದಲ್ಲೂ ಸಾಮಾನ್ಯ ಖರ್ಚಿನ ನ್ಯಾಯವಾದ ಪಾಲು, ಇವೆರಡೂ ಇರಲೇಬೇಕು. ಲೆಕ್ಕಿಗರ ಸಮಯದ ಎಷ್ಟು ಭಾಗ ಈ ಯೋಜನೆಗೆ ಹೋಗುತ್ತದೆ, ಕಚೇರಿಯ ಎಷ್ಟು ಜಾಗ ಬಳಕೆಯಾಗುತ್ತದೆ ಎಂದು ಬಿಡಿಸಿ ತೋರಿಸಿದರೆ "ಆಡಳಿತ ವೆಚ್ಚ" ಎಂಬ ಒಂದೇ ಸಾಲಿಗಿಂತ ಒಪ್ಪಿಗೆ ಸುಲಭ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದರ ನಿಯಮಗಳಲ್ಲಿ ಆಡಳಿತ ವೆಚ್ಚಕ್ಕೆ ಶೇ. 5ರ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ. ಯೋಜನೆಯ ರೂಪರೇಷೆ, ಅನುಷ್ಠಾನ, ಉಸ್ತುವಾರಿಯ ಖರ್ಚು ಆ ಮಿತಿಯೊಳಗೆ ಬರುವುದಿಲ್ಲ. ಕಾರ್ಖಾನೆಯ ಅಧಿಕಾರಿ ಶೇ. 5 ಎಂದರೆ ಸುಮ್ಮನೆ ತಲೆಯಾಡಿಸಬೇಡಿ, ನಿಯಮ ತೆರೆದು ತೋರಿಸಿ. ಈ ಹಣ ಪಡೆಯಲು ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಆಗಿರಬೇಕು. ವಿದೇಶಿ ದೇಣಿಗೆಯ ಕಾಯ್ದೆ ಬೇರೆ ಮಾತು: 2020ರ ತಿದ್ದುಪಡಿಯ ನಂತರ ಅಲ್ಲಿ ಸಂಸ್ಥೆಯ ಆಡಳಿತ ವೆಚ್ಚಕ್ಕೇ ಶೇ. 20ರ ಮಿತಿ ಇದೆ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ.

ಮುಂದಿನ ಸಂಕಟ ಹಣ ಬರುವ ಕಾಲ. ಸಿಎಸ್‌ಆರ್ ಹಣ ಆರ್ಥಿಕ ವರ್ಷದ ಕೊನೆಗೆ ಫೆಬ್ರವರಿ-ಮಾರ್ಚ್‌ನಲ್ಲಿ ಅವಸರವಾಗಿ ಬರುವುದುಂಟು, ಸರ್ಕಾರದ ಅನುದಾನ ಖರ್ಚಾದ ಎಷ್ಟೋ ತಿಂಗಳ ಮೇಲೆ ಬರುತ್ತದೆ. ಸಂಬಳ ಮಾತ್ರ ಪ್ರತಿ ತಿಂಗಳು. ಹನ್ನೆರಡು ತಿಂಗಳ ಹಣದ ಹರಿವಿನ ಒಂದು ಹಾಳೆ, ಪ್ರತಿ ತಿಂಗಳು ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಕೊನೆಗೆ ಎಷ್ಟು ಉಳಿಯುತ್ತದೆ ಎಂಬ ಮೂರು ಸಾಲು, ಏಪ್ರಿಲ್‌ನಲ್ಲೇ ತಯಾರಿದ್ದರೆ ಸೆಪ್ಟೆಂಬರ್‌ನ ಬಿಕ್ಕಟ್ಟು ಐದು ತಿಂಗಳ ಮೊದಲೇ ಕಾಣುತ್ತದೆ.

ಆಪತ್ಕಾಲಕ್ಕೆ ಮೂರು ತಿಂಗಳ ಖರ್ಚು ಬದಿಗಿರಬೇಕು. ಮೇಲಿನ ಉದಾಹರಣೆಯಲ್ಲಿ ತಿಂಗಳ ಖರ್ಚು 6.25 ಲಕ್ಷ, ಮೂರು ತಿಂಗಳಿಗೆ 18.75 ಲಕ್ಷ. ವರ್ಷಕ್ಕೆ ಬಜೆಟ್‌ನ ಶೇ. 5, ಅಂದರೆ 3.75 ಲಕ್ಷ ಉಳಿಸಿದರೂ ಐದು ವರ್ಷ ಬೇಕು. "ಸೇವಾ ಸಂಸ್ಥೆ ಹಣ ಉಳಿಸಬಾರದು" ಎಂಬುದು ತಪ್ಪು, ಆದಾಯದ ಶೇ. 85ನ್ನು ಉದ್ದೇಶಕ್ಕೆ ಬಳಸಿದರೆ ಉಳಿದ ಶೇ. 15ನ್ನು ಇಟ್ಟುಕೊಳ್ಳಲು ತೆರಿಗೆ ಕಾನೂನೇ ಅವಕಾಶ ಕೊಟ್ಟಿದೆ. ಆದರೆ ಯೋಜನೆಯ ಹಣದಿಂದ ಉಳಿಸುವಂತಿಲ್ಲ, ಸಾಮಾನ್ಯ ದೇಣಿಗೆ ಬೇಕು. ಅದು ಬರಬೇಕಾದ್ದು ಇಲ್ಲಿಂದಲೇ. ಜಾತ್ರೆಯ ದಾಸೋಹಕ್ಕೆ ಕೇಳದೆಯೇ ಜೋಳದ ಚೀಲ ತಂದಿಳಿಸುವ ಜನ ಇವರು. ತಿಂಗಳಿಗೆ 200 ರೂಪಾಯಿ ಕೊಡುವ 150 ಜನರಿದ್ದರೆ ವರ್ಷಕ್ಕೆ 3.6 ಲಕ್ಷ, ಉಳಿತಾಯದ ಗುರಿ ಅಲ್ಲಿಗೆ ಹೆಚ್ಚೂಕಡಿಮೆ ತಲುಪಿತು. ಅವರಿಗೆ ಮೂರು ತಿಂಗಳಿಗೊಮ್ಮೆ ಒಂದು ಪುಟದ ಜಮಾ-ಖರ್ಚು ಕಳಿಸಬೇಕು, ಅಷ್ಟು ಸಾಕು.

ನಗದಿನ ಬಗ್ಗೆ ಸಂಕ್ಷೇಪವಾಗಿ: 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ದಾನಿಗೆ 80ಜಿ ಎಂಬ ತೆರಿಗೆ ರಿಯಾಯಿತಿ ಇಲ್ಲ, ಯುಪಿಐ ಅಥವಾ ಚೆಕ್ ಪಡೆಯಿರಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಉದ್ದೇಶಕ್ಕೆ ಬಳಸಿದ ಹಣವೆಂದು ತೆರಿಗೆಯವರು ಒಪ್ಪುವುದಿಲ್ಲ. ದಾನಿಗಳ ವಿವರ ಮೇ 31ರೊಳಗೆ ತೆರಿಗೆ ಇಲಾಖೆಗೆ ಹೋಗಬೇಕು. 12ಎ (ಸಂಸ್ಥೆಯ ತೆರಿಗೆ ವಿನಾಯಿತಿಗೆ), 80ಜಿ (ದಾನಿಯ ರಿಯಾಯಿತಿಗೆ) ಎಂದು ಎಲ್ಲರ ಬಾಯಲ್ಲಿರುವ ನೋಂದಣಿಗಳು 2021ರ ನಂತರ ಶಾಶ್ವತವಲ್ಲ, ಅವಧಿ ಮುಗಿಯುವ ಆರು ತಿಂಗಳು ಮೊದಲೇ ನವೀಕರಣದ ಅರ್ಜಿ ಹಾಕಬೇಕು. ಒಳ್ಳೆಯ ಸಂಸ್ಥೆಗಳೂ ಎಡವುವುದು ಇಲ್ಲೇ. ಕಚೇರಿಯ ಒಳಗೆ, ಕಿರ್ದಿ (ದಿನದ ಜಮಾ-ಖರ್ಚಿನ ಪುಸ್ತಕ) ಬರೆಯುವವರು ಹಣ ಕೊಡುವವರಾಗಿರಬಾರದು, ಚೆಕ್ಕಿಗೆ ಇಬ್ಬರ ಸಹಿ ಇರಬೇಕು, ಖಾಲಿ ಚೆಕ್ಕಿಗೆ ಮೊದಲೇ ಸಹಿ ಮಾಡಿಡುವ ಚಾಳಿ ಬಿಡಬೇಕು. ಬ್ಯಾಂಕ್ ಪುಸ್ತಕ ಮತ್ತು ಕಿರ್ದಿಯನ್ನು ಪ್ರತಿ ತಿಂಗಳು 7ರೊಳಗೆ ತಾಳೆ ನೋಡಿ.

ದುಡಿಯುವ ಜನ

ಹಳ್ಳಿಯಲ್ಲಿ ಸಂಸ್ಥೆಯೆಂದರೆ ಕಾರ್ಯಕರ್ತೆಯೇ. ಅವಳಿಗೆ ಹನ್ನೊಂದು ತಿಂಗಳ ಕರಾರು, ತಡವಾದ ಸಂಬಳ ಕೊಟ್ಟು ಊರವರ ಬದುಕು ಭದ್ರವಾಗಲಿ ಎಂದು ಬಯಸುವುದು ಅನ್ಯಾಯ. ಇಪ್ಪತ್ತು ಜನ ನೌಕರರಾದರೆ ಭವಿಷ್ಯನಿಧಿ ಕಡ್ಡಾಯ. ಹತ್ತು ಜನರಾದರೆ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಬೇಕು, ಅಧ್ಯಕ್ಷತೆ ಹಿರಿಯ ಮಹಿಳೆಯದು, ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಮಹಿಳೆಯರು, ಹೊರಗಿನವರು ಒಬ್ಬರು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡಬೇಕಾದ ಉಪದಾನ, ವರ್ಷಕ್ಕೆ ಹದಿನೈದು ದಿನದ ವೇತನದಂತೆ ಬೆಳೆಯುವ ಸಾಲ. ಪ್ರತಿ ತಿಂಗಳು ಮೂಲವೇತನದ ಸುಮಾರು ಶೇ. 4.8ನ್ನು ಬದಿಗಿಟ್ಟರೆ ಕೊಡುವ ದಿನ ಕೈ ನಡುಗುವುದಿಲ್ಲ. ಇವೆಲ್ಲ ಪ್ರಸ್ತಾವದ ಬಜೆಟ್‌ನಲ್ಲೇ ಸೇರಿರಬೇಕು.

ಎರಡನೇ ಸಾಲಿನ ನಾಯಕರು ತಾವಾಗಿ ಬೆಳೆಯುವುದಿಲ್ಲ. ಮುಖ್ಯಸ್ಥರು ವರ್ಷಕ್ಕೊಮ್ಮೆ ಮೂರು ವಾರ ರಜೆ ಹಾಕಿ ಫೋನ್ ಬಂದ್ ಮಾಡಲಿ. ಮರಳಿ ಬಂದಾಗ ಏನೇನು ನಿಂತಿತ್ತು ಎಂದು ಪಟ್ಟಿ ಮಾಡಲಿ: ಜಿಲ್ಲಾ ಪಂಚಾಯ್ತಿಯ ಕಡತ, ದಾನಿಯ ಪ್ರಶ್ನೆಗೆ ಉತ್ತರ, ಪೋರ್ಟಲ್‌ನ ಪಾಸ್‌ವರ್ಡ್, ಒಂದು ಊರಿನ ಜಗಳ. ಆ ಪಟ್ಟಿಯ ಒಂದೊಂದಕ್ಕೂ ಒಬ್ಬೊಬ್ಬರ ಹೆಸರು ಬರೆದು ಆರು ತಿಂಗಳಲ್ಲಿ ಕಲಿಸಬೇಕು. ಅಧಿಕಾರಿಗಳ, ದಾನಿಗಳ ಭೇಟಿಗೆ ಮುಖ್ಯಸ್ಥರು ಒಬ್ಬರೇ ಹೋಗುವುದನ್ನು ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಜೊತೆಗೆ ಹೋದವರೇ ಮಾತಾಡಲಿ, ಮುಖ್ಯಸ್ಥರು ಕೇಳಿಸಿಕೊಳ್ಳಲಿ.

ಊರಿನ ಕೈಗೆ

ಸಂಸ್ಥೆ ಊರು ಬಿಡುವ ದಿನಾಂಕವನ್ನು ಮೊದಲ ವರ್ಷವೇ ಊರವರಿಗೆ ಹೇಳಬೇಕು. ಮೊದಲ ವರ್ಷ ಸಂಸ್ಥೆ ಮಾಡುತ್ತದೆ, ಸಮಿತಿ ನೋಡುತ್ತದೆ. ಎರಡನೆಯ ವರ್ಷ ಇಬ್ಬರೂ ಕೂಡಿ. ಮೂರನೆಯ ವರ್ಷ ಸಮಿತಿ ಮಾಡುತ್ತದೆ, ಸಂಸ್ಥೆ ನೋಡುತ್ತದೆ. ನಾಲ್ಕನೆಯ ವರ್ಷ ಮೂರು ತಿಂಗಳಿಗೊಂದು ಭೇಟಿ. ಈ ನಾಲ್ಕನೆಯ ವರ್ಷದ ಸಣ್ಣ ಖರ್ಚನ್ನೂ ಮೊದಲ ಪ್ರಸ್ತಾವದಲ್ಲೇ ಕೇಳಬೇಕು, ಆಮೇಲೆ ಯಾರೂ ಕೊಡುವುದಿಲ್ಲ.

ಊರಿನ ಶುದ್ಧ ಕುಡಿಯುವ ನೀರಿನ ಘಟಕ ಯಾಕೆ ಮುಚ್ಚುತ್ತದೆ ಎಂದು ನೋಡಿದರೆ ಹಸ್ತಾಂತರದ ಕಷ್ಟ ಅರ್ಥವಾಗುತ್ತದೆ. 20 ಲೀಟರಿಗೆ 5 ರೂಪಾಯಿ, ದಿನಕ್ಕೆ 150 ಕ್ಯಾನ್ ಹೋದರೆ ತಿಂಗಳಿಗೆ 22,500 ರೂಪಾಯಿ. ಉದಾಹರಣೆಗೆ, ನೋಡಿಕೊಳ್ಳುವವರಿಗೆ 9,000, ವಿದ್ಯುತ್ತಿಗೆ 5,000, ಫಿಲ್ಟರ್ ಮತ್ತು ಸಣ್ಣ ರಿಪೇರಿಗೆ 2,500, ಒಟ್ಟು 16,500. ಉಳಿಯುವ 6,000 ಲಾಭವಲ್ಲ, ಅದು ಮುಂದೆ ಬದಲಿಸಬೇಕಾದ ಮೆಂಬ್ರೇನ್ (ನೀರು ಸೋಸುವ ಪೊರೆ) ಮತ್ತು ಪಂಪಿನ ಹಣ. ಗಡಸು ನೀರಿನ ಊರುಗಳಲ್ಲಿ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ಪಂಚಾಯ್ತಿ ಚುನಾವಣೆ ಬಂತು, "ದರ 3 ರೂಪಾಯಿ ಮಾಡಿ" ಎಂಬ ಒತ್ತಡ ಬಂತು ಎನ್ನಿ. ಜಮಾ 13,500ಕ್ಕೆ ಇಳಿಯುತ್ತದೆ, ಪ್ರತಿ ತಿಂಗಳು 3,000 ಕೊರತೆ. ನೀರು ಆಗಲೂ ಬರುತ್ತಿರುತ್ತದೆ, ಹಾಗಾಗಿ ಯಾರಿಗೂ ಏನೂ ತಪ್ಪಿದಂತೆ ಕಾಣುವುದಿಲ್ಲ. ಮೆಂಬ್ರೇನ್ ಹೋದ ದಿನ ಖಾತೆ ಬರಿದಾಗಿರುತ್ತದೆ. ಆದ್ದರಿಂದ ಸಂಸ್ಥೆ ಹಸ್ತಾಂತರಿಸಬೇಕಾದ್ದು ಯಂತ್ರವನ್ನಷ್ಟೇ ಅಲ್ಲ: ಬದಲಾವಣೆ ನಿಧಿಯ ಪ್ರತ್ಯೇಕ ಬ್ಯಾಂಕ್ ಖಾತೆ, ಅದರ ಲೆಕ್ಕವನ್ನು ಘಟಕದ ಗೋಡೆಯ ಮೇಲೆ ತಿಂಗಳಿಗೊಮ್ಮೆ ಬರೆಯುವ ರೂಢಿ, ದರ ಬದಲಿಸಲು ಗ್ರಾಮಸಭೆಯಲ್ಲಿ ಲೆಕ್ಕ ಓದಲೇಬೇಕೆಂಬ ಕಟ್ಟಳೆ, ರಿಪೇರಿಗೆ ಬರುವ ಇಬ್ಬರು ಮೆಕ್ಯಾನಿಕರ ಫೋನ್ ನಂಬರ್. ಬಿಡುವ ಮೊದಲು ಒಂದು ರಿಪೇರಿಯನ್ನು ಸಮಿತಿಯೇ ತನ್ನ ಹಣದಿಂದ ಮಾಡಿಸಿರಬೇಕು.

ಜನರ ಕೈಗೆ ಇನ್ನೂ ಆಳವಾಗಿ ಹೋದ ಉದಾಹರಣೆ ಬೆಳಗಾವಿ ಜಿಲ್ಲೆಯಲ್ಲೇ ಇದೆ. ದೇವದಾಸಿ ಬಿಡುವುದನ್ನು ರಾಜ್ಯ 1982ರ ಕಾಯ್ದೆಯಿಂದ ನಿಷೇಧಿಸಿತು, ಆದರೆ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರ ಬದುಕು ಕಾಯ್ದೆಯಿಂದಲೇ ಬದಲಾಗುವಂಥದ್ದಲ್ಲ. 1990ರ ದಶಕದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಎಂಬ ಸೇವಾ ಸಂಸ್ಥೆ ಈ ಹೆಂಗಸರ ಜೊತೆ ಕೆಲಸ ಮಾಡಿದವು. 1997ರಲ್ಲಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಲ್ಲರೂ ಮಾಸ್ ಎನ್ನುವುದು, ಮಾಜಿ ದೇವದಾಸಿಯರದೇ ಸಂಸ್ಥೆಯಾಗಿ ನಿಂತಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಸ್ವತಃ ಬಾಲ್ಯದಲ್ಲಿ ದೇವದಾಸಿಯಾಗಿ ಬಿಡಲ್ಪಟ್ಟವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಲ್ಲಿ ಹಸ್ತಾಂತರವೆಂದರೆ ಕಡತ ಕೊಟ್ಟು ಹೋಗುವುದಾಗಿರಲಿಲ್ಲ. ಯಾರಿಗೆ ನೆರವಾಗಲು ಬಂದಿದ್ದರೋ ಅವರೇ ಠರಾವು ಮಾಡುವ, ಸಹಿ ಹಾಕುವ, ನೌಕರರನ್ನು ನೇಮಿಸುವ ಜಾಗಕ್ಕೆ ಬಂದರು. ಮುತ್ತು ಕಟ್ಟುವ ಸುದ್ದಿ ತಿಳಿದಾಗ ಆ ಮನೆಗೆ ಹೋಗಿ ತಾಯಿಯ ಎದುರು ಕೂರಲು ಹೊರಗಿನ ಅಧಿಕಾರಿಗೆ ಇಲ್ಲದ ಹಕ್ಕು ಅವರಿಗಿದೆ.

ಸ್ತ್ರೀಶಕ್ತಿ ಅಥವಾ ಸಂಜೀವಿನಿ ಗುಂಪುಗಳ ಒಕ್ಕೂಟದ ಮೂಲಕ ಕೆಲಸ ಬಿಟ್ಟುಕೊಡುವವರು ಐದು ಸಂಗತಿ ನೋಡಿ ನಿರ್ಧರಿಸಬಹುದು: ನಿಯಮಿತ ಸಭೆ, ನಿಯಮಿತ ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಸರಿಯಾದ ಲೆಕ್ಕಪುಸ್ತಕ. ಕೊನೆಯದರಲ್ಲಿ ಮೋಸ ಹೋಗುವುದು ಸುಲಭ. ಪುಸ್ತಕ ಅಚ್ಚುಕಟ್ಟಾಗಿದ್ದರೂ ಅದನ್ನು ಬರೆಯುವವರು ಸಂಸ್ಥೆಯ ಕಾರ್ಯಕರ್ತೆಯೇ ಆಗಿದ್ದರೆ ಗುಂಪು ಇನ್ನೂ ತಯಾರಾಗಿಲ್ಲ. ಗುಂಪಿನ ಯಾವುದಾದರೂ ಇಬ್ಬರು ಸದಸ್ಯರನ್ನು ಕರೆದು ತಮ್ಮ ಸಾಲದ ಬಾಕಿ ಎಷ್ಟೆಂದು ಕೇಳಿ, ಪುಸ್ತಕದೊಂದಿಗೆ ತಾಳೆ ನೋಡಿ.

ಕೆಲವೊಮ್ಮೆ ಸಂಸ್ಥೆಯನ್ನೇ ಮುಚ್ಚುವ ತೀರ್ಮಾನ ಸರಿಯಾಗಿರುತ್ತದೆ: ಉದ್ದೇಶ ಈಡೇರಿದಾಗ, ಸರ್ಕಾರ ಅದೇ ಕೆಲಸವನ್ನು ಚೆನ್ನಾಗಿ ಮಾಡತೊಡಗಿದಾಗ, ಅಥವಾ ಎರಡು ಸಣ್ಣ ಸಂಸ್ಥೆಗಳು ಒಂದಾದರೆ ಜನರಿಗೆ ಹೆಚ್ಚು ಒಳಿತಾಗುವಾಗ. ಸಂಘವನ್ನು ವಿಸರ್ಜಿಸಿದಾಗ ಸಾಲ ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದೇ ಬಗೆಯ ಉದ್ದೇಶದ ಬೇರೆ ಸಂಸ್ಥೆಗೆ ಕೊಡಬೇಕು. ನೌಕರರ ಬಾಕಿ ಮೊದಲು, ದಾನಿಗಳ ಖರ್ಚಾಗದ ಹಣ ಆಮೇಲೆ, ಕಟ್ಟಡ-ವಾಹನ ಕೊನೆಗೆ. ಊರಿನ ಸಮಿತಿಗಳ ದಾಖಲೆಗಳನ್ನು ಕಚೇರಿಯ ಕಪಾಟಿನೊಂದಿಗೆ ರದ್ದಿಗೆ ಹಾಕದೆ ಆಯಾ ಸಮಿತಿಗೆ ಮರಳಿಸಬೇಕು. ಆಯವ್ಯಯದ ಪುಸ್ತಕಗಳನ್ನು ಲೆಕ್ಕಪರಿಶೋಧಕರು ಹೇಳುವಷ್ಟು ವರ್ಷ ಯಾರ ಹತ್ತಿರ ಇಡಬೇಕೆಂದು ಕೊನೆಯ ಠರಾವಿನಲ್ಲಿ ಹೆಸರು ಸಮೇತ ಬರೆಯಬೇಕು.